ಪ್ಯಾಕೇಜ್ ಇನ್‌ಸ್ಟಾಲರ್‌ನ ಕೈಪಿಡಿ: ಎಲ್ಲಿಂದ ತಿದ್ದಬೇಕು, ಎಷ್ಟು ಅಳಿಸಬೇಕು?

ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಪ್ಯಾಕೇಜ್‌ಗಳನ್ನು, ಅಂದರೆ ಇತರರು ಬರೆದಿಟ್ಟ ಸಿದ್ಧ ಪ್ರೋಗ್ರಾಮುಗಳ ಕಟ್ಟುಗಳನ್ನು, ಕಮಾಂಡ್ ಲೈನ್‌ನಿಂದ ಇನ್‌ಸ್ಟಾಲ್ ಮಾಡಿಕೊಡುವ ‘ಪಿಪ್’ ಎಂಬ ಸಲಕರಣೆಯನ್ನು ಕುರಿತು ಈ ತಿಂಗಳು ಅಂಕಣಕ್ಕೆ ಬಂದ ಪತ್ರಗಳನ್ನು ಒಟ್ಟಿಗೆ ಇಟ್ಟುಕೊಂಡು ಓದಿದಾಗ, ಬಹುಪಾಲು ಓದುಗರು ತೊಡಕಿಗೆ ಸಿಕ್ಕಿರುವುದು ಆ ಸಲಕರಣೆಯಿಂದಲ್ಲ, ಅದನ್ನು ಬಳಸುವ ಬಗೆಯನ್ನು ಹೇಳುವ ಕೈಪಿಡಿಗಳಿಂದ ಎಂಬುದು ಕಂಡುಬಂತು. ಆದ್ದರಿಂದ ಈ ಸಂಚಿಕೆಯ ಅಂಕಣವನ್ನು ಅಂಥ ಕೈಪಿಡಿಗಳನ್ನು ತಿದ್ದಿ ಹಸನುಗೊಳಿಸುವ ಕೆಲಸಕ್ಕೇ ಮೀಸಲಿಟ್ಟಿದ್ದೇನೆ. ಕಮಾಂಡ್‌ಗಳನ್ನು ಇಲ್ಲಿ ಕನ್ನಡ ಲಿಪಿಯಲ್ಲಿ ಅಚ್ಚು ಮಾಡಿದೆ. ಕಂಪ್ಯೂಟರಿನಲ್ಲಿ ಟೈಪ್ ಮಾಡುವಾಗ ಇಂಗ್ಲಿಷಿನ ಸಣ್ಣ ಅಕ್ಷರಗಳನ್ನು ಬಳಸಬೇಕು.

ಪ್ರಶ್ನೆ: ಮಾನ್ಯರೇ, ನಮ್ಮ ವಿಭಾಗದ ಪೈಥಾನ್ ಪ್ರಯೋಗಾಲಯಕ್ಕೆ 38 ಪುಟಗಳ ಕೈಪಿಡಿಯೊಂದಿದೆ. ಹಿಂದೆ ಇದ್ದವರು ಬರೆದದ್ದಕ್ಕೆ ವರ್ಷ ವರ್ಷವೂ ಒಬ್ಬೊಬ್ಬರು ಒಂದೆರಡು ಪುಟ ಸೇರಿಸುತ್ತಾ ಬಂದಿದ್ದಾರೆ. ಈ ಸಲ ಎಲ್ಲ ಕಂಪ್ಯೂಟರುಗಳಿಗೂ ಉಬುಂಟು ಎಂಬ ಆಪರೇಟಿಂಗ್ ಸಿಸ್ಟಮ್‌ನ 24.04 ಆವೃತ್ತಿಯನ್ನು ಹಾಕಿಸಿದ ಮೇಲೆ ಮೊದಲ ಪುಟದ ‘ಪಿಪ್ ಇನ್‌ಸ್ಟಾಲ್ ನಂಪೈ’ ಎಂಬ, ನಂಪೈ ಪ್ಯಾಕೇಜನ್ನು ಹಾಕುವ ಕಮಾಂಡೇ ನಡೆಯುತ್ತಿಲ್ಲ. ಕೈಪಿಡಿಯನ್ನು ತಿದ್ದುವ ಜವಾಬ್ದಾರಿ ನನಗೆ ಬಂದಿದೆ. ಎಲ್ಲಿಂದ ಆರಂಭಿಸಲಿ?
— ಇಂಜಿನಿಯರಿಂಗ್ ಕಾಲೇಜಿನ ಉಪನ್ಯಾಸಕಿ, ಮಂಡ್ಯ

ಉತ್ತರ: ಮೊದಲು ಆ ಮೊದಲ ಕಮಾಂಡಿನ ವಿಚಾರವನ್ನು ಮುಗಿಸಿಬಿಡೋಣ. ‘ಎಕ್ಸ್‌ಟರ್ನಲಿ ಮ್ಯಾನೇಜ್ಡ್ ಎನ್ವಿರಾನ್‌ಮೆಂಟ್’ ಎಂದು ನಿಮ್ಮ ವಿದ್ಯಾರ್ಥಿಗಳಿಗೆ ಕಾಣುತ್ತಿರುವ ಸಂದೇಶವು ಬೇಕೆಂದೇ ಹಾಕಿದ ತಡೆಯಾಗಿದೆ. ಉಬುಂಟುವಿನ ಒಳಗಿನ ಹಲವು ಸಲಕರಣೆಗಳು ಸ್ವತಃ ಪೈಥಾನ್‌ನಲ್ಲಿಯೇ ಬರೆದವು, ಮತ್ತು ಅವುಗಳಿಗೆ ಬೇಕಾದ ಪ್ಯಾಕೇಜ್‌ಗಳನ್ನು ‘ಆಪ್ಟ್’ ಎಂಬ ಬೇರೊಂದು ಇನ್‌ಸ್ಟಾಲರ್ ನೋಡಿಕೊಳ್ಳುತ್ತದೆ. ಅದೇ ಜಾಗಕ್ಕೆ ಪಿಪ್ ಕೂಡ ಕೈಹಾಕಿ ಬೇರೆ ಆವೃತ್ತಿಯನ್ನು ತಂದಿಟ್ಟರೆ, ಆಪ್ಟ್‌ಗೆ ಗೊತ್ತಿಲ್ಲದೆಯೇ ಸಿಸ್ಟಮ್‌ನ ಯಾವುದೋ ಭಾಗ ಕೆಡಬಹುದು. ಇದನ್ನು ತಡೆಯಲು ಪೈಥಾನ್ ಸಮುದಾಯದವರು ಪೆಪ್ 668 ಎಂಬ ನಿಯಮವನ್ನು ಒಪ್ಪಿಕೊಂಡರು. 2023ರಲ್ಲಿ ಬಂದ ಡೆಬಿಯನ್ 12 (ಉಬುಂಟುವಿಗೆ ಮೂಲವಾದ ಆಪರೇಟಿಂಗ್ ಸಿಸ್ಟಮ್) ಮತ್ತು ಉಬುಂಟು 23.04ರಿಂದ ಅದು ಜಾರಿಯಲ್ಲಿದೆ. ನಿಮ್ಮ ಹಳೆಯ ಕಂಪ್ಯೂಟರುಗಳಲ್ಲಿ 22.04 ಇದ್ದಿದ್ದರೆ ಈ ತಡೆ ಕಾಣದೇ ಇದ್ದದ್ದು ಸಹಜ.

ಆ ಸಂದೇಶದ ಕೊನೆಯಲ್ಲಿ ‘--ಬ್ರೇಕ್-ಸಿಸ್ಟಮ್-ಪ್ಯಾಕೇಜಸ್’ ಎಂಬ ಆಯ್ಕೆಯೊಂದು ಕಾಣುತ್ತದೆ. ಅದನ್ನು ಸೇರಿಸಿದರೆ ಕಮಾಂಡ್ ನಡೆಯುತ್ತದೆ ಎಂಬುದು ವಿದ್ಯಾರ್ಥಿಗಳಿಗೆ ಹತ್ತು ನಿಮಿಷದಲ್ಲಿ ಗೊತ್ತಾಗುತ್ತದೆ, ಮುಂದಿನ ವರ್ಷ ಯಾರಾದರೊಬ್ಬರು ಅದನ್ನು ಕೈಪಿಡಿಗೂ ಸೇರಿಸುತ್ತಾರೆ. ದಯವಿಟ್ಟು ಅದಕ್ಕೆ ಅವಕಾಶ ಕೊಡಬೇಡಿ. ‘ಸಿಸ್ಟಮ್ ಕೆಟ್ಟರೂ ಸರಿ’ ಎಂದು ಒಪ್ಪಿಗೆ ಕೊಡುವ ಆಯ್ಕೆ ಅದು. ಮೂವತ್ತು ಜನ ಹಂಚಿಕೊಳ್ಳುವ ಪ್ರಯೋಗಾಲಯದಲ್ಲಿ ಅಂಥ ಒಪ್ಪಿಗೆಯನ್ನು ಒಬ್ಬ ವಿದ್ಯಾರ್ಥಿಯ ಕೈಯಲ್ಲಿ ಕೊಡಿಸುವುದು ಸರಿಯಲ್ಲ. ಸರಿಯಾದ ದಾರಿಯೆಂದರೆ ಪ್ರತಿ ವಿದ್ಯಾರ್ಥಿಯೂ ತನ್ನ ಫೋಲ್ಡರಿನಲ್ಲಿ ‘ಪೈಥಾನ್3 -ಎಂ ವೆನ್ವ್ ಲ್ಯಾಬ್’ ಎಂಬ ಕಮಾಂಡಿನಿಂದ ಸಿಸ್ಟಮ್‌ನ ಪ್ಯಾಕೇಜ್‌ಗಳನ್ನು ಮುಟ್ಟದ ಪ್ರತ್ಯೇಕ ಜಾಗವಾದ ಒಂದು ವರ್ಚುವಲ್ ಎನ್ವಿರಾನ್‌ಮೆಂಟ್ ಮಾಡಿಕೊಂಡು, ಅದನ್ನು ಚಾಲೂ ಮಾಡಿ, ಅದರೊಳಗೆ ಪಿಪ್ ಬಳಸುವುದು. ಉಬುಂಟುವಿನಲ್ಲಿ ಇದಕ್ಕಾಗಿ ‘ಪೈಥಾನ್3-ವೆನ್ವ್’ ಎಂಬ ಪ್ಯಾಕೇಜನ್ನು ಆಪ್ಟ್ ಮೂಲಕ ಒಂದು ಬಾರಿ ಹಾಕಿಸಿರಬೇಕು; ಆ ಕೆಲಸ ಪ್ರಯೋಗಾಲಯದ ನಿರ್ವಾಹಕರದು, ವಿದ್ಯಾರ್ಥಿಗಳದ್ದಲ್ಲ ಎಂಬುದನ್ನೂ ಕೈಪಿಡಿಯಲ್ಲಿ ಸ್ಪಷ್ಟವಾಗಿ ಬರೆಯಿರಿ.

ಇನ್ನು ಉಳಿದ 37 ಪುಟಗಳು. ಒಂದಕ್ಷರವನ್ನೂ ತಿದ್ದುವ ಮೊದಲು, ಪಿಪ್ ಅನ್ನು ಹಿಂದೆಂದೂ ಬಳಸದ ಒಬ್ಬ ವಿದ್ಯಾರ್ಥಿಯನ್ನು ಕೂರಿಸಿ, ನಿಮ್ಮ ಕೈಪಿಡಿಯನ್ನು ಅವರ ಮುಂದಿಟ್ಟು, ನೀವು ಹಿಂದೆ ಕುಳಿತು ನೋಡಿ. ಬಾಯಿ ತೆರೆಯಬೇಡಿ, ಸನ್ನೆಯನ್ನೂ ಮಾಡಬೇಡಿ. ಈ ಸಲಹೆಯನ್ನು ನಾನು ಅನುಭವದಿಂದ ಕೊಡುತ್ತಿದ್ದೇನೆ. ಮೈಸೂರಿನ ಕಾಲೇಜೊಂದಕ್ಕೆ ನಾನು ಬರೆದುಕೊಟ್ಟಿದ್ದ ಆರು ಪುಟಗಳ ಟಿಪ್ಪಣಿಯನ್ನು ಎರಡನೇ ಸೆಮಿಸ್ಟರಿನ ವಿದ್ಯಾರ್ಥಿನಿಯೊಬ್ಬಳು ಹಿಡಿದು ಕುಳಿತಾಗ, ಮೂರನೇ ಸಾಲಿನಲ್ಲೇ ಕೆಲಸ ನಿಂತಿತು. ‘ಪೈಥಾನ್ ತೆರೆಯಿರಿ, ನಂತರ ಈ ಕಮಾಂಡ್ ಕೊಡಿ’ ಎಂದು ನಾನು ಬರೆದಿದ್ದೆ. ಅವಳು ಬರೆದದ್ದನ್ನು ಬರೆದಂತೆಯೇ ಪಾಲಿಸಿ, ಪೈಥಾನ್ ತೆರೆದು, ಮೂರು ಬಾಣದ ಗುರುತಿನ ಮುಂದೆ ‘ಪಿಪ್ ಇನ್‌ಸ್ಟಾಲ್’ ಎಂದು ಟೈಪ್ ಮಾಡಿದಳು. ಪಿಪ್ ಕಮಾಂಡನ್ನು ಟರ್ಮಿನಲ್‌ನಲ್ಲಿ, ಅಂದರೆ ಕಮಾಂಡ್ ಲೈನ್‌ನ ಕಿಟಕಿಯಲ್ಲಿ, ಕೊಡಬೇಕೇ ಹೊರತು ಪೈಥಾನ್‌ನ ಒಳಗಲ್ಲ. ಆದ್ದರಿಂದ ‘ಸಿಂಟ್ಯಾಕ್ಸ್ ಎರರ್’ ಎಂಬ ಉತ್ತರ ಬಂತು. ಅವಳು ಕಾಗುಣಿತ ತಪ್ಪಿರಬೇಕೆಂದು ಅದನ್ನೇ ನಾಲ್ಕು ಬಾರಿ ಟೈಪ್ ಮಾಡಿದಳು. ತಪ್ಪು ನನ್ನ ವಾಕ್ಯದ್ದಾಗಿತ್ತು.

ಅದಾದ ಮೇಲೆ ನಾಲ್ಕನೇ ಪುಟದಲ್ಲಿ ಇನ್ನೊಂದು ತೊಡಕು ಎದುರಾಯಿತು. ‘--ಅಪ್‌ಗ್ರೇಡ್’ ಎಂಬಲ್ಲಿ ಎರಡು ಚಿಕ್ಕ ಅಡ್ಡಗೆರೆಗಳಿರಬೇಕು. ಟಿಪ್ಪಣಿಯನ್ನು ಸಿದ್ಧಪಡಿಸಿದ ವರ್ಡ್ ಪ್ರೊಸೆಸರ್ ಅವೆರಡನ್ನೂ ತಾನೇ ಕೂಡಿಸಿ ಒಂದು ಉದ್ದನೆಯ ಗೆರೆಯಾಗಿ ಮಾಡಿಬಿಟ್ಟಿತ್ತು. ಪಿಡಿಎಫ್‌ನಿಂದ ಕಾಪಿ ಮಾಡಿ ಅಂಟಿಸಿದಾಗ ಪಿಪ್ ಆ ಪದವನ್ನು ಆಯ್ಕೆಯೆಂದು ಗುರುತಿಸದೆ, ಯಾವುದೋ ಪ್ಯಾಕೇಜಿನ ಹೆಸರೆಂದು ತಿಳಿದು ‘ಇನ್‌ವ್ಯಾಲಿಡ್ ರಿಕ್ವೈರ್‌ಮೆಂಟ್’ ಎಂದಿತು. ಅಚ್ಚಾದ ಹಾಳೆಯಲ್ಲಿ ಎರಡು ಗೆರೆಗೂ ಒಂದು ಗೆರೆಗೂ ವ್ಯತ್ಯಾಸವನ್ನು ಕಣ್ಣು ಹಿಡಿಯುವುದಿಲ್ಲ. ಉದ್ಧರಣ ಚಿಹ್ನೆಗಳಿಗೂ ಇದೇ ಗತಿ: ನೇರವಾಗಿರಬೇಕಾದವು ಬಾಗಿದ ಚಿಹ್ನೆಗಳಾಗಿ ಬದಲಾಗಿ ಕಮಾಂಡನ್ನು ಕೆಡಿಸುತ್ತವೆ. ಇಷ್ಟನ್ನು ತಿಳಿದರೆ ಸಾಕು, ಕೈಪಿಡಿಯನ್ನು ವರ್ಡ್ ಪ್ರೊಸೆಸರಿನಿಂದ ಹೊರತಂದು, ಕಮಾಂಡ್‌ಗಳನ್ನು ಬದಲಾಯಿಸದೆ ಇದ್ದಂತೆಯೇ ಇಡುವ ಸರಳ ಪಠ್ಯದ ರೂಪಕ್ಕೆ ತರುವುದು ನಿಮ್ಮ ಮೊದಲ ದೊಡ್ಡ ತಿದ್ದುಪಡಿಯಾಗಬೇಕು ಎಂಬುದು ಮನದಟ್ಟಾಗುತ್ತದೆ.

ಮೂರನೆಯದನ್ನು ಮಾತ್ರ ಯಾರೂ ಸುಲಭವಾಗಿ ಪತ್ತೆ ಹಚ್ಚಲಾರರು, ಏಕೆಂದರೆ ಅಲ್ಲಿ ದೋಷದ ಸಂದೇಶವೇ ಬರುವುದಿಲ್ಲ. ‘ನಂಪೈ>=1.26’ ಎಂದು ಉದ್ಧರಣ ಚಿಹ್ನೆಯಿಲ್ಲದೆ ಬರೆದರೆ, ಉಬುಂಟುವಿನ ಟರ್ಮಿನಲ್ ಆ ಬಾಣದ ಗುರುತನ್ನು ‘ಉತ್ತರವನ್ನು ಫೈಲಿಗೆ ಬರೆ’ ಎಂಬ ಆಜ್ಞೆಯೆಂದು ಓದಿಕೊಳ್ಳುತ್ತದೆ. ಆವೃತ್ತಿಯ ಷರತ್ತು ಪಿಪ್‌ಗೆ ತಲುಪುವುದೇ ಇಲ್ಲ; ಹಳೆಯ ಆವೃತ್ತಿ ಮೊದಲೇ ಇದ್ದರೆ ಅದೇ ಉಳಿಯುತ್ತದೆ; ಫೋಲ್ಡರಿನಲ್ಲಿ ‘=1.26’ ಎಂಬ ಹೆಸರಿನ ಫೈಲೊಂದು ಸದ್ದಿಲ್ಲದೆ ಹುಟ್ಟಿಕೊಳ್ಳುತ್ತದೆ. ನಿಮ್ಮ ಪ್ರಯೋಗಾಲಯದ ಕಂಪ್ಯೂಟರುಗಳಲ್ಲಿ ಸಮ ಚಿಹ್ನೆಯಿಂದ ಆರಂಭವಾಗುವ ಹೆಸರಿನ ಫೈಲುಗಳನ್ನು ಒಮ್ಮೆ ಹುಡುಕಿ ನೋಡಿ. ಸಿಕ್ಕರೆ, ಕೈಪಿಡಿಯ ಯಾವ ಪುಟದಲ್ಲಿ ಉದ್ಧರಣ ಚಿಹ್ನೆ ಬಿಟ್ಟುಹೋಗಿದೆ ಎಂಬುದೂ ಸಿಗುತ್ತದೆ.

ಇಷ್ಟಾದ ಮೇಲೆ ಅಳಿಸುವ ಕೆಲಸ. ವರ್ಷ ವರ್ಷ ಸೇರಿಸಿದ ಕೈಪಿಡಿಯಲ್ಲಿ ಕಾಲದ ಪದರಗಳಿರುತ್ತವೆ, ಅವನ್ನು ಗುರುತಿಸುವುದು ಕಷ್ಟವಲ್ಲ. ‘ಈಜಿ_ಇನ್‌ಸ್ಟಾಲ್’ ಎಂಬ ಹೆಸರು ಕಂಡರೆ ಅದು 2008ರಲ್ಲಿ ಇಯಾನ್ ಬಿಕಿಂಗ್ ಪಿಪ್ ಅನ್ನು ರೂಪಿಸುವುದಕ್ಕೂ ಹಿಂದಿನ ಸಲಕರಣೆ. ಪಿಪ್ ಅನ್ನೇ ಮೊದಲು ಇಳಿಸಿಕೊಳ್ಳುವ ಬಗೆಯನ್ನು ಎರಡು ಮೂರು ಪುಟ ವಿವರಿಸಿದ್ದರೆ, ಅದು 2014ರ ಪೈಥಾನ್ 3.4ಕ್ಕಿಂತ ಹಿಂದಿನ ಪದರ. ಅಲ್ಲಿಂದೀಚೆಗೆ ಪಿಪ್ ಪೈಥಾನ್ ಜೊತೆಯಲ್ಲೇ ಬರುತ್ತದೆ, ವರ್ಚುವಲ್ ಎನ್ವಿರಾನ್‌ಮೆಂಟ್ ಮಾಡಿದರೆ ಅದರೊಳಗೂ ತಾನಾಗಿ ಇರುತ್ತದೆ. ಪೈಥಾನ್ 2ರ ಉಲ್ಲೇಖಗಳನ್ನು ಧೈರ್ಯವಾಗಿ ತೆಗೆಯಿರಿ: 2020ರ ಜನವರಿ 1ಕ್ಕೆ ಅದರ ಆಯುಷ್ಯ ಮುಗಿಯಿತು, 2021ರ ಪಿಪ್ 21.0ರಿಂದ ಪಿಪ್ ಕೂಡ ಅದನ್ನು ಕೈಬಿಟ್ಟಿತು. ‘ಪಿಪ್ ಸರ್ಚ್’ ಎಂಬ ಕಮಾಂಡಿನಿಂದ ಪ್ಯಾಕೇಜ್ ಹುಡುಕಿ ಎಂದು ಬರೆದಿದ್ದರೆ ಅದೂ ಹೋಗಬೇಕು. ಪೈಪಿಐ ಎಂಬ ಕೇಂದ್ರ ಭಂಡಾರವು 2020ರ ಡಿಸೆಂಬರ್‌ನಲ್ಲಿ ಆ ಸೇವೆಯನ್ನು ನಿಲ್ಲಿಸಿದೆ. ನಿರ್ವಾಹಕರ ಅಧಿಕಾರದಿಂದ ಪಿಪ್ ಓಡಿಸುವ ‘ಸುಡೊ ಪಿಪ್’ ಎಂಬ ಜೋಡಿ ಎಲ್ಲಿ ಕಂಡರೂ ಅಲ್ಲಿಂದ ಕಿತ್ತುಹಾಕಿ. ಆವೃತ್ತಿಯ ಸಂಖ್ಯೆಯೂ ನಿಮಗೆ ಸಹಾಯ ಮಾಡುತ್ತದೆ: 2018ರ ಜುಲೈನಲ್ಲಿ ಪಿಪ್ 10ರಿಂದ ನೇರವಾಗಿ 18.0ಕ್ಕೆ ಹಾರಿ, ಅಂದಿನಿಂದ ಮೊದಲ ಎರಡು ಅಂಕಿಗಳು ವರ್ಷವನ್ನೇ ಹೇಳುತ್ತವೆ. ‘ಪಿಪ್ 9’ ಎಂದು ಬರೆದ ಪುಟ 2018ರ ಆಸುಪಾಸಿನದು ಅಥವಾ ಅದಕ್ಕೂ ಹಿಂದಿನದು ಎಂದು ತೇದಿಯಿಲ್ಲದೆಯೂ ತಿಳಿಯಬಹುದು.

ಹಿಂದಿನವರು ಕಷ್ಟಪಟ್ಟು ಬರೆದದ್ದನ್ನು ಅಳಿಸುವುದಕ್ಕೆ ನಿಮಗೆ ಸಂಕೋಚವಾಗುತ್ತಿದೆ ಎಂಬುದು ನಿಮ್ಮ ಪತ್ರದ ಧಾಟಿಯಿಂದಲೇ ತಿಳಿಯುತ್ತದೆ. ಆ ಪುಟಗಳನ್ನು ಬೇರೊಂದು ಫೋಲ್ಡರಿನಲ್ಲಿ ಜೋಪಾನವಾಗಿ ಇಡಿ, ವಿದ್ಯಾರ್ಥಿಯ ಕೈಗೆ ಮಾತ್ರ ಕೊಡಬೇಡಿ. ನಿಮ್ಮ ಜಿಲ್ಲೆಯ ಆಲೆಮನೆಗಳಲ್ಲಿ ‘ಹದ ಬಂದಾಗ ಕೊಪ್ಪರಿಗೆ ಇಳಿಸು’ ಎಂದರೆ ವರ್ಷಗಟ್ಟಲೆ ಬೆಲ್ಲ ಬೇಯಿಸಿದ ಕೈಗೆ ಅಷ್ಟೇ ಸಾಕು. ಹೊಸಬನಿಗೆ ಹದವೆಂದರೆ ಏನು, ಪಾಕ ನೀರಿಗೆ ಬಿಟ್ಟಾಗ ಹೇಗೆ ಕಾಣಬೇಕು ಎಂಬುದನ್ನು ಹೇಳಬೇಕಾಗುತ್ತದೆ. ‘ಎನ್ವಿರಾನ್‌ಮೆಂಟ್ ಸಿದ್ಧಪಡಿಸಿಕೊಂಡು ಮುಂದುವರಿಯಿರಿ’ ಎಂಬ ವಾಕ್ಯ ಹಳೆಯ ಕೈಗೆ ಬರೆದ ವಾಕ್ಯ. ನಿಮ್ಮ ಮೊದಲ ಪುಟವು ಪ್ರತಿ ಕಮಾಂಡಿಗೂ, ಅದನ್ನು ಎಲ್ಲಿ ನಿಂತು ಕೊಡಬೇಕು, ಅದು ಕಂಪ್ಯೂಟರಿನಲ್ಲಿ ಏನನ್ನು ಎಲ್ಲಿಡುತ್ತದೆ, ಸರಿಯಾಗಿ ಮುಗಿದರೆ ಪರದೆಯ ಮೇಲೆ ಯಾವ ಸಾಲು ಕಾಣುತ್ತದೆ, ಬೇಡವಾದರೆ ಹೇಗೆ ತೆಗೆಯುವುದು ಎಂಬಿಷ್ಟನ್ನು ಹೇಳಿದರೆ, 38 ಪುಟಗಳು ಎಂಟು ಹತ್ತು ಪುಟಗಳಿಗೆ ಇಳಿದರೂ ಯಾರಿಗೂ ಕೊರತೆಯಾಗದು.

ಪ್ರಶ್ನೆ: ಬ್ಯಾಂಕಿನಿಂದ ನಿವೃತ್ತನಾದ ಮೇಲೆ ಪೈಥಾನ್ ಕಲಿಯುತ್ತಿದ್ದೇನೆ. ಕೆಲವು ಕೈಪಿಡಿಗಳು ‘ಪಿಪ್ ಇನ್‌ಸ್ಟಾಲ್’ ಎನ್ನುತ್ತವೆ, ಕೆಲವು ‘ಪೈಥಾನ್ -ಎಂ ಪಿಪ್ ಇನ್‌ಸ್ಟಾಲ್’ ಎನ್ನುತ್ತವೆ. ಎರಡೂ ಒಂದೇ ಆದರೆ ಉದ್ದನೆಯದನ್ನು ಏಕೆ ಬರೆಯುತ್ತಾರೆ?
— ಕುವೆಂಪುನಗರ, ಮೈಸೂರು

ಉತ್ತರ: ನಿಮ್ಮ ಕಂಪ್ಯೂಟರಿನಲ್ಲಿ ಒಂದೇ ಪೈಥಾನ್ ಇದ್ದರೆ ಎರಡರ ಫಲವೂ ಒಂದೇ. ಎರಡು ಪೈಥಾನ್‌ಗಳಿದ್ದರೆ, ಬರಿಯ ‘ಪಿಪ್’ ಎಂದಾಗ ಅದು ಯಾವ ಪೈಥಾನ್‌ಗೆ ಸೇರಿದ ಪಿಪ್ ಎಂಬುದು ಕಣ್ಣಿಗೆ ಕಾಣುವುದಿಲ್ಲ. ಇನ್‌ಸ್ಟಾಲ್ ಆಯಿತೆಂಬ ಸಂದೇಶ ಬಂದರೂ ನೀವು ಓಡಿಸುವ ಪೈಥಾನ್ ‘ಆ ಮಾಡ್ಯೂಲ್ ಇಲ್ಲ’ ಎನ್ನುತ್ತದೆ. ಉದ್ದನೆಯ ರೂಪದಲ್ಲಿ ಯಾವ ಪೈಥಾನ್‌ಗೆ ಎಂಬುದನ್ನು ನೀವೇ ಹೆಸರಿಸುತ್ತೀರಿ. ವಿಂಡೋಸ್‌ನಲ್ಲಿ ‘ಪೈ -ಎಂ ಪಿಪ್’ ಎಂದೂ ಬರೆಯಬಹುದು. ಕೈಪಿಡಿ ಬರೆಯುವವರು ಎರಡರಲ್ಲಿ ಒಂದನ್ನು ಆರಿಸಿಕೊಂಡು ಕೊನೆಯವರೆಗೂ ಅದನ್ನೇ ಬಳಸಬೇಕು, ಮತ್ತು ಆ ಒಂದು ಉದ್ದನೆಯದೇ ಆಗಿರಲಿ ಎಂಬುದು ನನ್ನ ಅಭಿಪ್ರಾಯ.

ಪ್ರಶ್ನೆ: ಬಿಡುವಿನ ವೇಳೆಯಲ್ಲಿ ಒಂದು ಮುಕ್ತ ತಂತ್ರಾಂಶ ಯೋಜನೆಯ ಇನ್‌ಸ್ಟಾಲರ್ ಕೈಪಿಡಿಯನ್ನು ಸುಧಾರಿಸಲು ಹೊರಟಿದ್ದೆ. ಗೊಂದಲಮಯವಾಗಿದ್ದ ಒಂದು ದೊಡ್ಡ ಪುಟವನ್ನು ಎರಡು ವಾರ ಕುಳಿತು ಪೂರ್ತಿಯಾಗಿ ಹೊಸದಾಗಿ ಬರೆದು ಕಳಿಸಿದೆ. ಪರಿಶೀಲಿಸುವವರು ‘ತುಂಡು ತುಂಡಾಗಿ ಕಳಿಸಿ’ ಎಂದು ಹಿಂದಕ್ಕೆ ಕಳಿಸಿದ್ದಾರೆ. ಉತ್ಸಾಹವೇ ಇಳಿದುಹೋಗಿದೆ. ಇದು ನ್ಯಾಯವೇ?
— ಸಾಫ್ಟ್‌ವೇರ್ ಇಂಜಿನಿಯರ್, ಹೆಬ್ಬಾಳ, ಮೈಸೂರು

ಉತ್ತರ: ನಿಮ್ಮ ಬೇಸರ ನನಗೆ ಅರ್ಥವಾಗುತ್ತದೆ, ಆದರೂ ಅವರು ಹೇಳಿದ್ದು ಸರಿ. ನೀವು ಪ್ಯಾರಾಗಳನ್ನು ಮೇಲಿಂದ ಕೆಳಕ್ಕೆ ಸರಿಸಿ, ಜೊತೆಯಲ್ಲೇ ಅವುಗಳ ಮಾತನ್ನೂ ತಿದ್ದಿದರೆ, ಪರಿಶೀಲಿಸುವವರ ಪರದೆಯ ಮೇಲೆ ಹಳೆಯ ಪುಟವಿಡೀ ಅಳಿಸಿದ್ದೆಂದು ಕೆಂಪು, ಹೊಸ ಪುಟವಿಡೀ ಸೇರಿಸಿದ್ದೆಂದು ಹಸಿರು. ಆ ಹಸಿರಿನ ನಡುವೆ ‘ಮಾಡಬಹುದು’ ಎಂದಿದ್ದದ್ದು ‘ಮಾಡಬೇಕು’ ಎಂದಾಗಿದ್ದರೆ ಯಾರಿಗೂ ಕಾಣುವುದಿಲ್ಲ. ಇನ್‌ಸ್ಟಾಲರ್‌ನ ಕೈಪಿಡಿಯಲ್ಲಿ ಅಂಥ ಒಂದು ಪದದಿಂದ ಸಾವಿರಾರು ಜನರ ಕಂಪ್ಯೂಟರುಗಳಲ್ಲಿ ಬೇರೆಯೇ ಫಲ ಬರುತ್ತದೆ. ಆದ್ದರಿಂದ ಮೊದಲ ಬದಲಾವಣೆಯಲ್ಲಿ ಒಂದಕ್ಷರವನ್ನೂ ತಿದ್ದದೆ ಬರಿಯ ಸ್ಥಳ ಬದಲಿಸಿ. ಅದು ಸೇರಿದ ಮೇಲೆ, ಸರಿಸಿದ ಜಾಗದಲ್ಲಿ ನಿಂತ ಒಂದೊಂದು ಪ್ಯಾರಾವನ್ನು ತಿದ್ದಿ. ನಿಮ್ಮ ಎರಡು ವಾರದ ಶ್ರಮ ವ್ಯರ್ಥವಾಗಿಲ್ಲ. ತಲುಪಬೇಕಾದ ಜಾಗ ನಿಮಗೆ ಈಗ ಗೊತ್ತಿದೆ, ಹಾಗಾಗಿ ತುಂಡು ಮಾಡುವುದು ಎರಡು ದಿನದ ಕೆಲಸ.

ಸರಿಸುವಾಗ ಯಾವುದು ಎಲ್ಲಿಗೆ ಎಂಬ ಪ್ರಶ್ನೆಗೆ, ಡ್ಯಾನಿಯೆಲೆ ಪ್ರೊಚಿದಾ ಅವರು ರೂಪಿಸಿದ ‘ಡಯಾಟಾಕ್ಸಿಸ್’ ಎಂಬ ವಿಂಗಡಣೆ ಬಹಳ ಉಪಯುಕ್ತ. ಕಲಿಯುವವನಿಗೆ ಕೈಹಿಡಿದು ನಡೆಸುವ ಪಾಠ, ಕೆಲಸ ಮಾಡುವವನಿಗೆ ಹಂತಗಳು, ಹುಡುಕುವವನಿಗೆ ಆಯ್ಕೆಗಳ ವಿವರ, ಏಕೆ ಹೀಗೆ ಎಂದು ಕೇಳುವವನಿಗೆ ವಿವರಣೆ, ಹೀಗೆ ನಾಲ್ಕು ಬಗೆಯ ಬರವಣಿಗೆಗಳನ್ನು ಒಂದೇ ಪುಟದಲ್ಲಿ ಕಲಸಬಾರದು ಎಂಬುದು ಅದರ ಸಾರ. ಪಿಪ್‌ನದೇ ಒಂದು ಉದಾಹರಣೆ ಕೊಡುತ್ತೇನೆ. 2020ರ ನವೆಂಬರ್ ಕೊನೆಯಲ್ಲಿ ಬಂದ ಪಿಪ್ 20.3ಕ್ಕಿಂತ ಮುಂಚೆ, ಎರಡು ಪ್ಯಾಕೇಜ್‌ಗಳು ಮೂರನೆಯ ಒಂದರ ಬೇರೆ ಬೇರೆ ಆವೃತ್ತಿಯನ್ನು ಕೇಳಿದರೆ ಪಿಪ್ ಮೊದಲು ಕಂಡದ್ದನ್ನು ಹಿಡಿದುಕೊಂಡು ಮುಂದೆ ಹೋಗುತ್ತಿತ್ತು. ಹೊಸ ವ್ಯವಸ್ಥೆ ಹಾಗಲ್ಲ: ಎಲ್ಲರಿಗೂ ಒಪ್ಪಿಗೆಯಾಗುವ ಹೊಂದಾಣಿಕೆ ಸಿಗುವವರೆಗೆ ಒಂದು ಆವೃತ್ತಿಯನ್ನು ಇಳಿಸಿ ನೋಡಿ, ಆಗದಿದ್ದರೆ ಹಿಂದಕ್ಕೆ ಬಂದು ಇನ್ನೊಂದನ್ನು ಇಳಿಸಿ ನೋಡುತ್ತದೆ, ಆದ್ದರಿಂದ ಕೆಲವೊಮ್ಮೆ ಒಂದೇ ಪ್ಯಾಕೇಜಿನ ಹತ್ತಾರು ಆವೃತ್ತಿಗಳನ್ನು ಇಳಿಸಿಕೊಳ್ಳುವಂತೆ ಕಾಣುತ್ತದೆ. ಇದನ್ನು ತಿಳಿಯಬೇಕಾದವರು ಖಂಡಿತ ಇದ್ದಾರೆ. ಆದರೆ ಮೊದಲ ಪ್ಯಾಕೇಜನ್ನು ಇನ್‌ಸ್ಟಾಲ್ ಮಾಡಲು ಬಂದವರ ದಾರಿಯ ನಡುವೆ ಇದನ್ನು ಇಟ್ಟರೆ ಅವರು ಅಲ್ಲೇ ಕುಸಿದು ಕೂರುತ್ತಾರೆ. ಪಿಪ್‌ನ ಕೈಪಿಡಿಯಲ್ಲಿ ಆರಂಭದ ಪಾಠ, ವಿಷಯವಾರು ವಿವರಣೆ, ಕಮಾಂಡ್‌ಗಳ ವಿವರ ಇವು ಬೇರೆ ಬೇರೆಯಾಗಿಯೇ ಇವೆ.

ಆಯ್ಕೆಗಳ ಪಟ್ಟಿಯನ್ನು ಕೈಯಿಂದ ಬರೆದಿದ್ದೀರಾದರೆ ಅದನ್ನು ಬಿಟ್ಟುಬಿಡಿ. ಪಿಪ್‌ನವರು ಸ್ಫಿಂಕ್ಸ್ ಎಂಬ ಸಲಕರಣೆಯಿಂದ ಕೈಪಿಡಿ ಕಟ್ಟುವಾಗ, ಪ್ರತಿ ಕಮಾಂಡಿನ ಆಯ್ಕೆಗಳನ್ನು ನೇರವಾಗಿ ಪ್ರೋಗ್ರಾಮಿನ ಒಳಗಿನಿಂದಲೇ ಎತ್ತಿಕೊಳ್ಳುತ್ತಾರೆ. ಟರ್ಮಿನಲ್‌ನಲ್ಲಿ ‘ಪಿಪ್ ಹೆಲ್ಪ್ ಇನ್‌ಸ್ಟಾಲ್’ ಎಂದರೆ ಬರುವ ಮಾತೂ ಪುಟದಲ್ಲಿ ಕಾಣುವ ಮಾತೂ ಒಂದೇ ಮೂಲದ್ದು. ಹೀಗಾಗಿ ಅಲ್ಲಿ ತಪ್ಪು ಕಂಡರೆ ಕೈಪಿಡಿಯ ಫೈಲನ್ನು ಹುಡುಕದೆ ಪ್ರೋಗ್ರಾಮಿನೊಳಗಿನ ಸಹಾಯದ ಸಾಲನ್ನೇ ತಿದ್ದಬೇಕಾಗುತ್ತದೆ. ಪುಟಗಳನ್ನು ಸರಿಸಿದ ಮೇಲೆ ಸ್ಫಿಂಕ್ಸ್‌ನ ‘ಲಿಂಕ್‌ಚೆಕ್’ ಓಡಿಸಿ ಮುರಿದ ಕೊಂಡಿಗಳನ್ನು ಹಿಡಿಯಿರಿ, ಮತ್ತು ಹಳೆಯ ವಿಳಾಸಕ್ಕೆ ಬಂದವರನ್ನು ಹೊಸ ಪುಟಕ್ಕೆ ಕಳಿಸುವ ಏರ್ಪಾಡು ಇರಲಿ.

ಅಳಿಸುವುದರಲ್ಲಿ ಮಾತ್ರ ನಿಮಗೆ ಮೇಲಿನ ಉಪನ್ಯಾಸಕಿಯವರಿಗಿಂತ ಹೆಚ್ಚಿನ ಎಚ್ಚರ ಬೇಕು. ಅವರ ಓದುಗರೆಲ್ಲರ ಮುಂದೆ ಒಂದೇ ಬಗೆಯ ಕಂಪ್ಯೂಟರ್ ಇದೆ, ನಿಮ್ಮ ಓದುಗರ ಮುಂದೆ ಏನಿದೆಯೆಂದು ನಿಮಗೆ ಗೊತ್ತಿಲ್ಲ. ಬಳಕೆದಾರರಿಗೆ ಕಾಣುವ ಯಾವುದನ್ನಾದರೂ ತೆಗೆಯುವ ಮೊದಲು ಕನಿಷ್ಠ ಆರು ತಿಂಗಳ ಮುನ್ಸೂಚನೆ ಕೊಡಬೇಕೆಂಬುದು ಪಿಪ್‌ನ ಸಾಮಾನ್ಯ ನಿಯಮ. ಆ ಆರು ತಿಂಗಳೂ ಕೈಪಿಡಿಯಲ್ಲಿ ಆ ವಿವರ ಇರಲೇಬೇಕು, ‘ಇದು ಹೋಗಲಿದೆ, ಬದಲಿಗೆ ಇದನ್ನು ಬಳಸಿ’ ಎಂಬ ಸಾಲಿನೊಡನೆ.

ಪ್ರಶ್ನೆ: ನಮ್ಮ ಶಾಲೆಯಲ್ಲಿ ಹನ್ನೆರಡು ವಿಂಡೋಸ್ ಕಂಪ್ಯೂಟರುಗಳಿವೆ, ಇಂಟರ್ನೆಟ್ ಇಲ್ಲ. ನನ್ನ ಮೊಬೈಲಿನ ಡೇಟಾದಿಂದ ಮನೆಯ ಲ್ಯಾಪ್‌ಟಾಪಿಗೆ ಇಳಿಸಿಕೊಂಡು ಪೆನ್‌ಡ್ರೈವಿನಲ್ಲಿ ಒಯ್ಯಬಹುದು. ಕೈಪಿಡಿಗಳಲ್ಲಿ ಈ ವಿಷಯ ಸಿಗುತ್ತಿಲ್ಲ.
— ಪ್ರೌಢಶಾಲೆಯ ಮೇಷ್ಟ್ರು, ಕೆ.ಆರ್. ಪೇಟೆ ತಾಲ್ಲೂಕು, ಮಂಡ್ಯ ಜಿಲ್ಲೆ

ಉತ್ತರ: ಮೇಷ್ಟ್ರೇ, ಸಿಗುತ್ತಿಲ್ಲ ಎಂಬುದೇ ಆ ಕೈಪಿಡಿಗಳ ದೊಡ್ಡ ಕೊರತೆ. ಇಂಟರ್ನೆಟ್ ಸದಾ ಇರುತ್ತದೆಂದು ನಂಬಿ ಬರೆದವರೇ ಹೆಚ್ಚು, ಆದರೆ ಪಿಪ್‌ನಲ್ಲಿ ಇದಕ್ಕೆ ಏರ್ಪಾಡು ಇದೆ. ಬೇಕಾದ ಪ್ಯಾಕೇಜ್‌ಗಳ ಹೆಸರನ್ನು ಸಾಲಿಗೊಂದರಂತೆ ಒಂದು ರಿಕ್ವೈರ್‌ಮೆಂಟ್ಸ್ ಫೈಲಿನಲ್ಲಿ ಬರೆದು, ಮನೆಯಲ್ಲಿ ‘ಪಿಪ್ ಡೌನ್‌ಲೋಡ್’ ಕಮಾಂಡಿಗೆ ‘-ಡಿ’ ಆಯ್ಕೆಯಿಂದ ಫೋಲ್ಡರಿನ ಹೆಸರನ್ನೂ ‘-ಆರ್’ ಆಯ್ಕೆಯಿಂದ ಆ ಫೈಲನ್ನೂ ಕೊಡಿ. ಅವುಗಳಿಗೆ ಆಧಾರವಾದ ಇತರ ಪ್ಯಾಕೇಜ್‌ಗಳನ್ನೂ ಅದು ಸೇರಿಸಿಯೇ ಇಳಿಸುತ್ತದೆ. ಶಾಲೆಯಲ್ಲಿ ಅದೇ ಫೈಲಿನೊಡನೆ ‘ಪಿಪ್ ಇನ್‌ಸ್ಟಾಲ್’ ಕಮಾಂಡಿಗೆ ‘--ನೋ-ಇಂಡೆಕ್ಸ್’ ಮತ್ತು ‘--ಫೈಂಡ್-ಲಿಂಕ್ಸ್’ ಆಯ್ಕೆಗಳನ್ನು ಸೇರಿಸಿ ಪೆನ್‌ಡ್ರೈವಿನ ಫೋಲ್ಡರನ್ನು ತೋರಿಸಿ. ಮೊದಲನೆಯ ಆಯ್ಕೆ ಪಿಪ್ ಇಂಟರ್ನೆಟ್‌ನಲ್ಲಿ ಹುಡುಕದಂತೆ ತಡೆಯುತ್ತದೆ.

ತಪ್ಪುವುದು ಎಲ್ಲಿ ಎಂಬುದನ್ನು ಹೇಳಬೇಕು. ಇಳಿದ ಫೈಲಿನ ಹೆಸರಿನಲ್ಲಿ ‘ಸಿಪಿ312’, ‘ವಿನ್_ಎಎಂಡಿ64’ ಎಂಬಂಥ ತುಣುಕುಗಳಿರುತ್ತವೆ. ಮೊದಲನೆಯದರ ಅರ್ಥ ಪೈಥಾನ್ 3.12ಕ್ಕೆಂದು ಕಟ್ಟಿದ್ದು, ಎರಡನೆಯದರ ಅರ್ಥ 64 ಬಿಟ್‌ನ ವಿಂಡೋಸ್‌ಗೆಂದು ಕಟ್ಟಿದ್ದು. ಮನೆಯಲ್ಲಿ 3.12 ಇದ್ದು ಶಾಲೆಯಲ್ಲಿ 3.10 ಇದ್ದರೆ, ಫೈಲು ಕಣ್ಣೆದುರೇ ಇದ್ದರೂ ಪಿಪ್ ‘ಹೊಂದುವ ಆವೃತ್ತಿ ಸಿಗಲಿಲ್ಲ’ ಎನ್ನುತ್ತದೆ. ಹೊರಡುವ ಮೊದಲು ಶಾಲೆಯ ಒಂದು ಕಂಪ್ಯೂಟರಿನಲ್ಲಿ ‘ಪೈಥಾನ್ --ವರ್ಷನ್’ ಎಂದು ಕೊಟ್ಟು ಬಂದ ಉತ್ತರವನ್ನು ಬರೆದಿಟ್ಟುಕೊಂಡು, ಮನೆಯ ಲ್ಯಾಪ್‌ಟಾಪಿಗೂ ಅದೇ ಆವೃತ್ತಿಯನ್ನು ಹಾಕಿಕೊಳ್ಳಿ. ನೀವು ಇದನ್ನು ಮಾಡಿ ಮುಗಿಸಿದ ದಿನವೇ ಒಂದು ಪುಟದಲ್ಲಿ ಬರೆದು ಪಕ್ಕದ ಶಾಲೆಗಳಿಗೂ ಕೊಡಬೇಕೆಂದು ವಿನಂತಿ. ಮಾಡಿದವರ ನೆನಪು ಹಸಿಯಾಗಿರುವಾಗ ಬರೆದ ಪುಟದಲ್ಲಿ ಹಂತಗಳು ಬಿಟ್ಟುಹೋಗುವುದಿಲ್ಲ.

ಪ್ರಶ್ನೆ: ಗೆಳತಿಯರು ಸೇರಿ ಇನ್‌ಸ್ಟಾಲರ್‌ಗಳ ಕೈಪಿಡಿಗಳನ್ನು ಕನ್ನಡಕ್ಕೆ ತರುತ್ತಿದ್ದೇವೆ. 64 ಪದಗಳ ಪಟ್ಟಿಯೊಂದನ್ನು ಮಾಡಿಕೊಂಡಿದ್ದೇವೆ, ಇದರೊಂದಿಗೆ ಕಳಿಸಿದೆ. ಓದಿದವರು ‘ಇಂಗ್ಲಿಷೇ ವಾಸಿ’ ಎನ್ನುತ್ತಿದ್ದಾರೆ. ಎಲ್ಲಿ ಎಡವಿದ್ದೇವೆ?
— ಶ್ರೀರಂಗಪಟ್ಟಣ

ಉತ್ತರ: ಪಟ್ಟಿಯನ್ನು ಪೂರ್ತಿಯಾಗಿ ಓದಿದೆ. ಇನ್‌ಸ್ಟಾಲ್, ಪ್ಯಾಕೇಜ್, ಟರ್ಮಿನಲ್ ಇವುಗಳನ್ನು ಹಾಗೆಯೇ ಉಳಿಸಿಕೊಂಡದ್ದು ಒಳ್ಳೆಯ ನಿರ್ಧಾರ. ಜನರ ಬಾಯಲ್ಲಿರುವ ಪದಗಳೇ ಕೈಪಿಡಿಯಲ್ಲೂ ಇರಬೇಕು. ತೊಡಕಿರುವುದು ನೀವು ಕನ್ನಡಿಸಿದ ಕೆಲವು ಪದಗಳಲ್ಲಿ.

‘ಡಿಪೆಂಡೆನ್ಸಿ’ ಎಂಬುದಕ್ಕೆ ನೀವು ‘ಅವಲಂಬಿತ ಪ್ಯಾಕೇಜ್’ ಎಂದು ಬರೆದಿದ್ದೀರಿ. ಕನ್ನಡದಲ್ಲಿ ಅವಲಂಬಿತ ಎಂದರೆ ಇನ್ನೊಬ್ಬರನ್ನು ಆಶ್ರಯಿಸಿರುವವರು. ಪಿಂಚಣಿಯ ಅರ್ಜಿಯಲ್ಲಿ ‘ಅವಲಂಬಿತರ ಹೆಸರು’ ಎಂದರೆ ಮನೆಯ ಯಜಮಾನನ ಹೆಸರನ್ನು ಯಾರೂ ಬರೆಯುವುದಿಲ್ಲ. ಇಲ್ಲಿ ಆಗಿರುವುದು ಅದೇ. ಪಾಂಡಾಸ್ ಎಂಬ ಪ್ಯಾಕೇಜ್ ನಡೆಯಲು ನಂಪೈ ಬೇಕು. ಅವಲಂಬಿಸಿರುವುದು ಪಾಂಡಾಸ್, ಆಧಾರವಾಗಿರುವುದು ನಂಪೈ. ನಿಮ್ಮ ಪುಟದಲ್ಲಿ ‘ಪಾಂಡಾಸ್‌ನ ಅವಲಂಬಿತ ಪ್ಯಾಕೇಜ್ ನಂಪೈ’ ಎಂದು ಓದಿದ ಕನ್ನಡಿಗರಿಗೆ ಸಂಬಂಧವೇ ತಲೆಕೆಳಗಾಗಿ ತಿಳಿಯುತ್ತದೆ, ಮತ್ತು ನಂಪೈಯನ್ನು ತೆಗೆದರೂ ಪಾಂಡಾಸ್‌ಗೆ ತೊಂದರೆಯಿಲ್ಲವೆಂದು ಅವರು ಭಾವಿಸುವುದು ನ್ಯಾಯವೇ. ‘ಆಧಾರ ಪ್ಯಾಕೇಜ್’ ಎನ್ನಿ.

‘ಅಪ್‌ಡೇಟ್’, ‘ಅಪ್‌ಗ್ರೇಡ್’ ಎರಡಕ್ಕೂ ‘ನವೀಕರಿಸು’ ಎಂದು ಹಾಕಿದ್ದೀರಿ. ಪಿಪ್‌ನ ಮಟ್ಟಿಗೆ ಹೇಗೋ ನಡೆಯುತ್ತದೆ, ಆದರೆ ನೀವು ಆಪ್ಟ್‌ನ ಕೈಪಿಡಿಯನ್ನೂ ತರುತ್ತಿದ್ದೀರಿ. ಅಲ್ಲಿ ಅಪ್‌ಡೇಟ್ ಎಂದರೆ ಯಾವ ಯಾವ ಹೊಸ ಆವೃತ್ತಿಗಳಿವೆ ಎಂಬ ಪಟ್ಟಿಯನ್ನಷ್ಟೇ ತರಿಸಿಕೊಳ್ಳುವುದು. ಒಂದು ಪ್ಯಾಕೇಜೂ ಬದಲಾಗುವುದಿಲ್ಲ. ಅಪ್‌ಗ್ರೇಡ್ ಎಂದರೆ ಆ ಪಟ್ಟಿಯ ಪ್ರಕಾರ ಹೊಸ ಆವೃತ್ತಿಗಳನ್ನು ಹಾಕುವುದು. ‘ನವೀಕರಿಸಿ, ಅನಂತರ ನವೀಕರಿಸಿ’ ಎಂಬ ನಿಮ್ಮ ಎರಡನೇ ಅಧ್ಯಾಯದ ವಾಕ್ಯವನ್ನು ಮುದ್ರಣದೋಷವೆಂದೇ ಓದುಗರು ತಿಳಿಯುತ್ತಾರೆ. ‘ಪಟ್ಟಿ ತರಿಸಿಕೊಳ್ಳಿ’, ‘ಹೊಸ ಆವೃತ್ತಿ ಹಾಕಿ’ ಎಂದರೆ ಎರಡು ಪದ ಹೆಚ್ಚಾದರೂ ಕೆಲಸ ಸ್ಪಷ್ಟವಾಗುತ್ತದೆ.

ಮೂರನೆಯದು ಪದದ ಮಾತಲ್ಲ, ಕ್ರಿಯಾಪದದ್ದು. ‘ಎನ್ವಿರಾನ್‌ಮೆಂಟ್ ರಚಿಸಲಾಗುತ್ತದೆ’, ‘ಫೋಲ್ಡರನ್ನು ಅಳಿಸಲಾಗುವುದು’ ಎಂಬ ಬಗೆಯ ವಾಕ್ಯಗಳು ನಿಮ್ಮ ಅನುವಾದದ ಪ್ರತಿ ಪುಟದಲ್ಲೂ ಇವೆ. ಸರ್ಕಾರಿ ಪ್ರಕಟಣೆಗಳಿಂದ ನಮ್ಮೆಲ್ಲರ ಕೈಗೂ ಅಂಟಿದ ಅಭ್ಯಾಸವಿದು. ಇನ್‌ಸ್ಟಾಲರ್‌ನ ಕೈಪಿಡಿಯಲ್ಲಿ ಇದರಿಂದ ಹಾನಿಯಿದೆ, ಏಕೆಂದರೆ ಅಳಿಸುವವರು ಯಾರು ಎಂಬುದು ಆ ವಾಕ್ಯದಲ್ಲಿಲ್ಲ: ಪಿಪ್ ತಾನಾಗಿ ಅಳಿಸುತ್ತದೆಯೋ, ಓದುಗರು ಅಳಿಸಬೇಕೋ? ‘ಪಿಪ್ ಅಳಿಸುತ್ತದೆ’ ಎಂದಾದರೂ ಬರೆಯಿರಿ, ‘ನೀವು ಅಳಿಸಿ’ ಎಂದಾದರೂ ಬರೆಯಿರಿ. ದೋಷದ ಸಂದೇಶಗಳನ್ನು ಮಾತ್ರ ಅನುವಾದಿಸಿ ಬಿಟ್ಟುಬಿಡಬೇಡಿ. ಪರದೆಯ ಮೇಲೆ ಕಾಣುವ ಇಂಗ್ಲಿಷ್ ಸಾಲನ್ನು ಇದ್ದಂತೆಯೇ ಕೊಟ್ಟು, ಅದರ ಕೆಳಗೆ ಕನ್ನಡದ ಅರ್ಥವನ್ನು ಕೊಡಿ, ಏಕೆಂದರೆ ಓದುಗರು ನಿಮ್ಮ ಪುಟದಲ್ಲಿ ಹುಡುಕುವುದು ತಮ್ಮ ಪರದೆಯ ಮೇಲೆ ಕಂಡ ಸಾಲನ್ನೇ.

ಪಟ್ಟಿಯ 64 ಪದಗಳಲ್ಲಿ ‘ಅವಲಂಬಿತ’, ‘ನವೀಕರಿಸು’ ಇವೆರಡನ್ನು ಈ ವಾರವೇ ಬದಲಾಯಿಸಿ. ಉಳಿದವುಗಳಲ್ಲಿ ಇನ್ನೂ ಐದಾರರ ಬಗ್ಗೆ ನನಗೆ ಸಣ್ಣ ಭಿನ್ನಾಭಿಪ್ರಾಯವಿದೆ, ಆದರೆ ಅವು ಯಾರ ಕೆಲಸವನ್ನೂ ಕೆಡಿಸುವಂಥವಲ್ಲ; ಪಟ್ಟಿಯ ಅಂಚಿನಲ್ಲಿ ಗುರುತು ಹಾಕಿ ಅಂಚೆಯಲ್ಲಿ ಹಿಂದಕ್ಕೆ ಕಳಿಸುತ್ತಿದ್ದೇನೆ.